ಚೀಟಿ ಸುಡುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿಯನ್ನು ಅವರ ತಮ್ಮ ಅಮ್ಮಸಂದ್ರದಿಂದ ಫೋನು ಮಾಡಿ ತಿಳಿಸಿದರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಅವತ್ತೇ ಅನ್ನಿಸಿತು. ಬರೆಯಲು ಕೂತಾಗ ಮೊದಲು ತೊಡಕಾದದ್ದು ಹೆಸರು. ಊರವರ ಹೆಸರು ಹೊರಗೆ ಬೀಳದ ಹಾಗೆ ನೋಡಿಕೊಳ್ಳುವುದನ್ನೇ ಕೆಲವು ವರ್ಷ ಕೆಲಸವಾಗಿ ಮಾಡಿದ ಹೆಂಗಸು ಅವರು. ಈ ಬರಹವನ್ನು ಅವರ ಕೈಗೆ ಕೊಟ್ಟಿದ್ದರೆ ಮೊದಲು ಹೆಸರುಗಳ ಮೇಲೆ ಗೆರೆ ಎಳೆಯುತ್ತಿದ್ದರು. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ. ತಿಪಟೂರಿನಲ್ಲಿ ಅವರನ್ನು ಎಲ್ಲರೂ ಟೈಪಿಂಗ್ ಮೇಡಂ ಅನ್ನುತ್ತಿದ್ದರು. ನನಗೂ ಅವರು ಮೇಡಂ.

ಸ್ಟೇಷನ್ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಇನ್‌ಸ್ಟಿಟ್ಯೂಟು. ಎಂಟು ಮಿಷನ್ನು, ಅದರಲ್ಲಿ ಮೂರು ಕನ್ನಡದವು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ನಾನೂ ಅಲ್ಲಿ ಒಂದು ವರ್ಷ ಬೆರಳು ನೋಯಿಸಿಕೊಂಡೆ. ಹೊಸದಾಗಿ ಸೇರಿದವರು ಕೀಲಿಮಣೆ ನೋಡಿದರೆ ಮೇಡಂ ಮಾತಾಡದೆ ಬಂದು ಅವರ ಕೈಗಳ ಮೇಲೆ ಒಂದು ಬಿಳಿ ಟವೆಲ್ ಹಾಸುತ್ತಿದ್ದರು. ಟವೆಲ್ಲಿನ ಕೆಳಗೆ ಬೆರಳುಗಳು ದಾರಿ ಹುಡುಕಿಕೊಳ್ಳಬೇಕು. ಎತ್ತರದ ಆಳು, ಸಣಕಲು, ಯಾವಾಗಲೂ ಗಂಜಿ ಹಾಕಿದ ಕಾಟನ್ ಸೀರೆ, ಬಾಯಲ್ಲಿ ಒಂದು ಲವಂಗ. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾವು ಹೊಡೆದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ರಬ್ಬರಿನಿಂದ ಉಜ್ಜಿದ ಜಾಗ ಬೆಳಕಿಗೆ ತೆಳ್ಳಗೆ ಕಾಣುತ್ತದೆ.

"ತಪ್ಪು ಹೊಡೆದ್ರೆ ಹೊಡೆದೆ ಅಂತ ಬಿಡಿ. ಉಜ್ಜೋಕೆ ಹೋಗಿ ಕಾಗದ ಹರೀಬೇಡಿ," ಅನ್ನುತ್ತಿದ್ದರು.

ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕು ತಿಪಟೂರಿಗೇ ಹಾಕಿದರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಗ ಊರಿಗೆ ಒಬ್ಬ ಉತ್ಸಾಹಿ ಇನ್‌ಸ್ಪೆಕ್ಟರ್ ಬಂದಿದ್ದರು. ಜನಕ್ಕೆ ಎಲ್ಲ ಗೊತ್ತಿರುತ್ತದೆ, ಆದರೆ ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಾರೆ, ಅದಕ್ಕೆ ಊರಲ್ಲಿ ಪೆಟ್ಟಿಗೆ ಇಡೋಣ ಅಂದರು. ಹೆಸರು ಬರೆಯದೆ ಯಾರು ಬೇಕಾದರೂ ಚೀಟಿ ಹಾಕಬಹುದು. ಪೆಟ್ಟಿಗೆಯ ಬೀಗದ ಕೈ ಪೊಲೀಸರ ಹತ್ತಿರ ಇರಬಾರದು, ಊರಿನ ಸ್ವಯಂಸೇವಕರ ಹತ್ತಿರ ಇರಬೇಕು. ಹೀಗೆ ಒಂದು ಸಮಿತಿ ಆಯಿತು. ಒಬ್ಬ ನಿವೃತ್ತ ಹೆಡ್ಮಾಸ್ಟರು ಅಧ್ಯಕ್ಷರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಸದಸ್ಯರು. ಮದುವೆಯಾಗಿಲ್ಲ, ಭಾನುವಾರ ಖಾಲಿ ಇರುತ್ತಾನೆ ಅನ್ನುವ ಕಾರಣಕ್ಕೆ ನಾನು ಕಾರ್ಯದರ್ಶಿ.

ಬಸ್ ಸ್ಟ್ಯಾಂಡು, ಕೊಬ್ಬರಿ ಮಾರ್ಕೆಟ್ಟಿನ ಗೇಟು, ಹೆಣ್ಣುಮಕ್ಕಳ ಕಾಲೇಜಿನ ದಾರಿ, ಸಾಹೇಬರ ಅಂಗಡಿಯ ಜಗಲಿ, ಹೀಗೆ ನಾಲ್ಕು ಕಡೆ ಪೆಟ್ಟಿಗೆ ಇಟ್ಟೆವು. 'ಹೆಸರು ಬೇಡ, ವಿಷಯ ಸಾಕು. ಓದಿದ ಚೀಟಿಯನ್ನು ಸುಡಲಾಗುವುದು' ಅಂತ ಮೇಲೆ ಬಣ್ಣದಲ್ಲಿ ಬರೆಸಿದೆವು. ಮೊದಮೊದಲು ಬಂದ ಚೀಟಿಗಳನ್ನು ನೋಡಿದ್ದರೆ ನೀವು ನಗುತ್ತಿದ್ದಿರಿ. ಬೀದಿ ದೀಪ ಹತ್ತುತ್ತಿಲ್ಲ ಅಂತ ಒಬ್ಬರು. ಪಕ್ಕದ ಮನೆಯ ಕೋಳಿ ನಮ್ಮ ಹಿತ್ತಲಿಗೆ ಬರುತ್ತದೆ, ಇದು ಅಪರಾಧ ಹೌದೋ ಅಲ್ಲವೋ ಅಂತ ಇನ್ನೊಬ್ಬರು. ಕಾಲೇಜು ದಾರಿಯ ಪೆಟ್ಟಿಗೆಯಲ್ಲಿ ಪ್ರೇಮಪತ್ರಗಳು. ಅವುಗಳ ನಡುವೆ ಒಂದೊಂದು ನಿಜವಾದದ್ದು. ತೋಟದ ಪಂಪ್‌ಸೆಟ್ ಕದ್ದು ಸಾಗಿಸುತ್ತಿದ್ದವರು ಹಾಗೆ ಒಂದು ಚೀಟಿಯಿಂದಲೇ ಸಿಕ್ಕಿಬಿದ್ದರು. ನಾವು ನಾಲ್ಕು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆವು.

ಆಮೇಲೆ ಎಡವಟ್ಟಾಯಿತು, ನಮ್ಮಿಂದಲೇ. ಕಳ್ಳಭಟ್ಟಿಯ ಬಗ್ಗೆ ಹಳ್ಳಿಯೊಂದರಿಂದ ಬಂದ ಚೀಟಿಯನ್ನು ಅಧ್ಯಕ್ಷರು ತಮ್ಮ ಮನೆಯ ಮೇಜಿನ ಮೇಲೆ ಇಟ್ಟಿದ್ದರು. ಅವರನ್ನು ನೋಡಲು ಬಂದ ಯಾರೋ ಆ ಅಕ್ಷರ ಗುರುತು ಹಿಡಿದರು. ವಾರದೊಳಗೆ ಆ ಹಳ್ಳಿಯ ಒಬ್ಬ ರೈತನ ಬಲಗೈ ಮುರಿದಿತ್ತು. ತೆಂಗಿನ ಮರದಿಂದ ಬಿದ್ದೆ ಅಂತ ಆಸ್ಪತ್ರೆಯಲ್ಲಿ ಹೇಳಿದನಂತೆ. ಅವನು ಮರ ಹತ್ತುವವನೇ ಅಲ್ಲ ಅಂತ ಸಾಹೇಬರು ಹೇಳಿದರು.

ಅದರ ಮುಂದಿನ ಭಾನುವಾರ ಸಮಿತಿಯ ಸಭೆಗೆ ಕರೆಯದೆ ಬಂದವರು ಮೇಡಂ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಷರ ಅಂದ್ರೆ ಮುಖ ಇದ್ದ ಹಾಗೆ ಕಣ್ರೀ. ಮುಖಾನ ಮೇಜಿನ ಮೇಲೆ ಇಟ್ಟು ಎದ್ದೋದ್ರೆ ಹೆಂಗೆ? ಇನ್ಮೇಲೆ ಚೀಟಿ ನನಗೆ ಕೊಡಿ. ಟೈಪ್ ಮಾಡಿ ಕೊಡ್ತೀನಿ. ಮೂಲದ್ದನ್ನ ಅಲ್ಲೇ ಸುಡ್ತೀನಿ."

ಅಧ್ಯಕ್ಷರು ತಲೆ ತಗ್ಗಿಸಿ ಕೂತಿದ್ದರು. ನಾನು ಒಂದು ಅಡ್ಡಮಾತು ಹಾಕಿದೆ. "ಮೇಡಂ, ಊರಲ್ಲಿ ಕನ್ನಡ ಮಿಷನ್ನು ಇರೋದೇ ನಾಲ್ಕು ಕಡೆ. ನಿಮ್ಮದು ಅಂತ ಗೊತ್ತಾಗುತ್ತಲ್ಲ?"

"ಗೊತ್ತಾಗ್ಲಿ. ನನಗೆ ಬೈಯೋರು ನನ್ನ ಹತ್ರ ಬರ್ತಾರೆ. ಬರೆದೋರ ಹತ್ರ ಹೋಗಲ್ಲವಲ್ಲ."

ಅಂದಿನಿಂದ ಭಾನುವಾರ ಬೆಳಿಗ್ಗೆ ನಾನು ನಾಲ್ಕು ಪೆಟ್ಟಿಗೆ ತೆಗೆದು ಚೀಟಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಆ ಮಹಡಿ ಹತ್ತುತ್ತಿದ್ದೆ. ಅವತ್ತು ಕ್ಲಾಸು ಇರುತ್ತಿರಲಿಲ್ಲ. ನಾನು ಓದಬೇಕು, ಅವರು ಹೊಡೆಯಬೇಕು. ಅವರು ಬರೀ ನಕಲು ಮಾಡುತ್ತಾರೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. 'ನಮ್ಮ ದೊಡ್ಡಪ್ಪನ ತೋಟದ ಹಿಂದೆ' ಅಂತ ನಾನು ಓದಿದರೆ ಅವರ ಕೈ ನಿಲ್ಲುತ್ತಿತ್ತು.

"ದೊಡ್ಡಪ್ಪ ಬೇಡ. ಸರ್ವೆ ನಂಬರ್ ಇದೆಯಾ?"

"ಇಲ್ಲ. ಕೆರೆ ಏರಿಯ ಪಕ್ಕ ಅಂತಿದೆ."

"ಕೆರೆ ಏರಿ ಸಾಕು."

'ಬುಡು' ಅಂತ ಇದ್ದರೆ 'ಬಿಡು' ಆಗುತ್ತಿತ್ತು. ಬೈಗುಳ ಹೋಗುತ್ತಿತ್ತು. ದನಕ್ಕೆ ಹುಲ್ಲು ಹಾಕುವಾಗ ಕಂಡೆ, ನೀರು ಸೇದುವಾಗ ಕೇಳಿಸಿತು ಅನ್ನುವ ಮಾತುಗಳೂ ಹೋಗುತ್ತಿದ್ದವು. ಒಂದು ದಿನ ನಾನು, ಹೀಗೆ ಕತ್ತರಿಸಿದರೆ ನಂಬುವವರು ಯಾರು ಅಂತ ಕೇಳಿದೆ.

"ಕಂಡದ್ದು ಅಂತ ಬರೆದ್ರೆ ಕಂಡೋರು ಯಾರು ಅಂತ ಹುಡುಕ್ತಾರೆ. ಅದಕ್ಕೇ, ಹೋಗಿ ಏನು ನೋಡ್ಬೇಕು ಅನ್ನೋದನ್ನ ಮಾತ್ರ ಬರೀಬೇಕು. ಪೊಲೀಸ್ನೋರು ಹೋಗಿ ನೋಡ್ಲಿ. ಆಗ ಕಂಡೋರು ಅವರೇ ಆಗ್ತಾರೆ."

ಇದನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕಾಗದದ ಎದುರು ಇಪ್ಪತ್ತೈದು ವರ್ಷ ಕೂತು ಕಲಿತದ್ದು.

ಹೊಡೆದು ಮುಗಿದ ಮೇಲೆ ಚೀಟಿಗಳನ್ನು ಒಂದು ಹಳೆಯ ಬಾಂಡಲಿಯಲ್ಲಿ ಹಾಕಿ ಸುಡುತ್ತಿದ್ದರು. ಬೂದಿಯನ್ನೂ ಕಡ್ಡಿಯಿಂದ ಕದಡುತ್ತಿದ್ದರು, ಸುಟ್ಟ ಕಾಗದದ ಮೇಲೂ ಕೆಲವು ಸಲ ಅಕ್ಷರ ಕಾಣುತ್ತದೆ ಅಂತ. ಆಮೇಲೆ ಕೈ ತೊಳೆದು ನನಗೆ ಕಾಫಿ ಮಾಡಿಕೊಡುತ್ತಿದ್ದರು. ಕಾಫಿ ಕುಡಿಯುವಾಗ ಚೀಟಿಗಳ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆದಿರಬಹುದು. ಊರಿನ ಒಂದು ದೊಡ್ಡ ಕೊಬ್ಬರಿ ಮಂಡಿಯವರ ಮನೆಯಲ್ಲಿ ಹಿರಿಯ ಸೊಸೆ ಸುಟ್ಟುಕೊಂಡು ಸತ್ತಳು. ಸ್ಟೋವ್ ಸಿಡಿಯಿತು ಅಂದರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ತವರು ತುರುವೇಕೆರೆ ಕಡೆಯ ಬಡ ಮೇಷ್ಟರ ಮನೆ. ಅವರು ಬಂದು ಅತ್ತುಕೊಂಡು ಹೋದರು.

ಅದಾದ ಮೂರನೆಯ ಭಾನುವಾರ ಮಾರ್ಕೆಟ್ ಗೇಟಿನ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು. ಹೆಂಗಸಿನ ಅಕ್ಷರ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ನಾನು ಓದುತ್ತಾ ಹೋದೆ. ಸ್ಟೋವು ಸಿಡಿದಿಲ್ಲ, ಅವತ್ತು ಅದು ಅಡುಗೆಮನೆಯಲ್ಲೇ ಇರಲಿಲ್ಲ, ಬಚ್ಚಲ ಮನೆಯ ಕದಕ್ಕೆ ಹೊರಗಡೆ ಚಿಲಕ ಹಾಕಿತ್ತು, ಒಳಗಿನಿಂದ ಗುದ್ದಿ ಗುದ್ದಿ ಚಿಲಕ ಸೊಟ್ಟಗಾಗಿದೆ, 'ನನಗೆ ತೆಗೆಯಲು ಆಗಲಿಲ್ಲ' ಅಂತ ಇತ್ತು.

ಮೇಡಂ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಂದು ಸಲ ಓದಿದರು. ಸತ್ತ ಆ ಹಿರಿಯ ಸೊಸೆ ಇವರ ಹತ್ತಿರ ಟೈಪಿಂಗಿಗೆ ಬರುತ್ತಿದ್ದಳು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅವರು ಹೇಳಲೂ ಇಲ್ಲ. ಮಿಷನ್ನಿಗೆ ಕಾಗದ ಏರಿಸಿ ಮೂರು ಸಾಲು ಹೊಡೆದರು. ಸ್ಟೋವು ಎಲ್ಲಿದೆ ನೋಡಿ. ಸಿಡಿದಿದೆಯೇ ನೋಡಿ. ಬಚ್ಚಲ ಕದದ ಹೊರಚಿಲಕ ನೋಡಿ. ಅಷ್ಟೆ.

ಪೊಲೀಸರು ಹೋಗಿ ನೋಡಿದರು. ಸ್ಟೋವು ಕೊಬ್ಬರಿ ಅಟ್ಟದ ಕೆಳಗೆ ಸಿಪ್ಪೆಯ ರಾಶಿಯಲ್ಲಿ ಸಿಕ್ಕಿತು, ಒಂದು ತಗ್ಗೂ ಇಲ್ಲದೆ. ಬಚ್ಚಲ ಕದಕ್ಕೆ ಹೊಸ ಚಿಲಕ ಹಾಕಿದ್ದರು, ಹಳೆಯದರ ಮೊಳೆಯ ತೂತುಗಳು ಹಾಗೇ ಇದ್ದವು. ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದರು. ಊರು ಗುಲ್ಲೆದ್ದಿತು.

ಇನ್ನು ನನ್ನ ವಿಷಯ. ಇದನ್ನು ಬರೆಯದಿದ್ದರೆ ಮೇಡಂ ಬಗ್ಗೆ ಬರೆದದ್ದು ಸುಳ್ಳಾಗುತ್ತದೆ. ಆ ಮನೆಯವರ ದಾಯಾದಿಯೊಬ್ಬ ನಮ್ಮ ಬ್ಯಾಂಕಿಗೆ ಬರುತ್ತಿದ್ದ. ನಗುಮುಖದ ಮನುಷ್ಯ. ಒಂದು ದಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ, "ಯಾರೋ ಬಸ್ ಸ್ಟ್ಯಾಂಡ್ ಪುಂಡರು ಬರೆದು ಹಾಕವ್ರೆ ಬಿಡಿ ಸಾರ್. ನಿಮ್ಮ ಪೆಟ್ಟಿಗೆಗೆ ಇನ್ನೇನು ಬೀಳುತ್ತೆ?" ಅಂದ.

ನನಗೆ ಚುಚ್ಚಿತು. "ಪುಂಡರಲ್ಲ ಕಣ್ರೀ. ಹೆಂಗಸು, ಪಾಪ ಪೆನ್ಸಿಲಲ್ಲಿ ಬರೆದು ಹಾಕಿದ್ರು," ಅಂದೆ.

ಅಷ್ಟೇ ನಾನು ಹೇಳಿದ್ದು. ಅವನು ಟೀ ಮುಗಿಸಿ, ನನ್ನದಕ್ಕೂ ತಾನೇ ದುಡ್ಡು ಕೊಟ್ಟು ಹೋದ.

ಮೂರು ದಿನದ ಮೇಲೆ ಟೈಲರ್ ಸಾಹೇಬರು ಬ್ಯಾಂಕಿಗೇ ಬಂದರು. ಅವರ ನಾದಿನಿ ಆ ಬೀದಿಯ ಮನೆಗಳಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ನನ್ನನ್ನು ಹೊರಗೆ ಕರೆದು ಹೇಳಿದರು: "ಆ ಮನೆ ಕಿರಿ ಸೊಸೇನ ಹೊರಗೆ ಬುಡ್ತಿಲ್ವಂತೆ. ರೂಮಲ್ಲಿ ಕೂಡಾಕಿ, ಪೆನ್ಸಿಲ್ ಎಲ್ಲಿಟ್ಟಿದ್ದೀಯ ಅಂತ ಕೇಳ್ತಾವ್ರಂತೆ. ಹೊಡೆದೂ ಹೊಡೆದವ್ರಂತೆ. ಪೆನ್ಸಿಲ್ ಅಂತ ಅವರಿಗೆ ಹೆಂಗೆ ಗೊತ್ತಾಯ್ತು ಸಾರ್? ನಮಗೇ ಗೊತ್ತಿರ್ಲಿಲ್ಲ."

ಅವರು ಕೇಳಿದ್ದರಲ್ಲಿ ಅನುಮಾನ ಇರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದರು. ಮ್ಯಾನೇಜರಿಗೆ ಹೊಟ್ಟೆ ನೋವು ಅಂತ ಹೇಳಿ ಸ್ಟೇಷನ್ ರಸ್ತೆಗೆ ನಡೆದೆ.

ಮಧ್ಯಾಹ್ನದ ಬ್ಯಾಚು ನಡೆಯುತ್ತಿತ್ತು. ಎಂಟು ಮಿಷನ್ನುಗಳ ಸದ್ದಿನ ನಡುವೆ ಅವರ ಮೇಜಿನ ಹತ್ತಿರ ನಿಂತು ಎಲ್ಲ ಹೇಳಿದೆ. ಟೀ, ಪುಂಡರು, ಪೆನ್ಸಿಲು, ಒಂದೂ ಬಿಡಲಿಲ್ಲ. ಅವರು ಬಾಯಲ್ಲಿದ್ದ ಲವಂಗ ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಆ ಮಗು ಬರೆದಿದ್ಳೋ ಇಲ್ವೋ ನಿಮಗೆ ಗೊತ್ತಾ?" ಅಂತ ಕೇಳಿದರು.

"ಇಲ್ಲ ಮೇಡಂ."

"ನನಗೂ ಗೊತ್ತಿಲ್ಲ. ಯಾರು ಬರೆದಿದ್ರೂ ಅವಳಿಗೆ ಪೆಟ್ಟು ತಪ್ಪಲ್ಲ ಈಗ." ಆಮೇಲೆ, "ಆ ಬೀರುವಿನಲ್ಲಿ ಕಾರ್ಬನ್ ಇದೆ, ಮೂರು ಕೊಡಿ," ಅಂದರು.

ಹುಡುಗಿಯರನ್ನು ಮನೆಗೆ ಕಳಿಸಿ ಮಿಷನ್ನಿನ ಮುಂದೆ ಕೂತರು. ಮೊದಲ ಸಾಲಿನಲ್ಲಿ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ನಾನು ಹಿಂದೆ ನಿಂತು ಓದುತ್ತಿದ್ದೆ. ತೀರಿಕೊಂಡವಳು ತಮ್ಮ ಹತ್ತಿರ ಮೂರು ತಿಂಗಳು ಟೈಪಿಂಗ್ ಕಲಿತದ್ದು. ಎರಡನೆಯ ತಿಂಗಳಿನಿಂದ ಅವಳ ಮಣಿಕಟ್ಟಿನ ಮೇಲೆ ಸುಟ್ಟ ಗಾಯಗಳು ಕಂಡದ್ದು. ಕೇಳಿದಾಗ, ತವರಿನಿಂದ ತರಬೇಕಾದದ್ದು ಬಾಕಿ ಇದೆ ಅಂತ ಅವಳು ಹೇಳಿದ್ದು. ಒಂದು ಕೆಲಸ ಸಿಕ್ಕರೆ ಹಾಸ್ಟೆಲ್ಲಿನಲ್ಲಿ ಇರುತ್ತೇನೆ, ಪರೀಕ್ಷೆಗೆ ಕಟ್ಟಿಸಿ ಮೇಡಂ ಅಂದದ್ದು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬರುವುದು ನಿಲ್ಲಿಸಿದ್ದು. 'ನಾನು ಅವಳ ಮನೆಗೆ ಹೋಗಿ ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ' ಅಂತ ಒಂದು ಸಾಲು ಹೊಡೆದು ಸ್ವಲ್ಪ ಹೊತ್ತು ಕೈ ಎತ್ತಿಟ್ಟುಕೊಂಡರು. ಆಮೇಲೆ ಕೊನೆಯ ಸಾಲು: 'ಈ ಸಾವಿನ ವಿಷಯವನ್ನು ಪೊಲೀಸರಿಗೆ ತಿಳಿಸಿದವಳು ನಾನೇ.'

"ಮೇಡಂ, ಇದು..." ಅಂದೆ.

"ಇದ್ರಲ್ಲಿ ಸುಳ್ಳೇನಿದೆ? ಟೈಪ್ ಮಾಡಿ ಕಳಿಸಿದ್ದು ನಾನಲ್ವಾ?"

ಒಂದು ಪ್ರತಿ ಇನ್‌ಸ್ಪೆಕ್ಟರಿಗೆ, ಒಂದು ತಹಸೀಲ್ದಾರರಿಗೆ, ಒಂದು ತಮಗೆ. ನಾಲ್ಕನೆಯದು ಯಾರಿಗೆ ಅಂತ ಮರುದಿನ ಗೊತ್ತಾಯಿತು. ಅವತ್ತು ಕೊಬ್ಬರಿ ಹರಾಜಿನ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನ್ನನ್ನು ಜೊತೆಗೆ ಬನ್ನಿ ಅಂತ ಕರೆಯಲಿಲ್ಲ. ನಾನೇ ಹೋದೆ. ಛತ್ರಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಆ ಮಂಡಿಯ ಮುಂದೆ ನಿಂತರು. ಆ ಮನೆಯ ಯಜಮಾನರು, ಅಂದರೆ ಸತ್ತವಳ ಮಾವ, ಗದ್ದುಗೆಯ ಮೇಲೆ ಕೂತಿದ್ದರು. ಮಗನಿಗೂ ಹೆಂಡತಿಗೂ ಜಾಮೀನು ಸಿಗದೆ ಕಂಗೆಟ್ಟಿದ್ದ ಮುಖ.

"ಏನಮ್ಮ?" ಅಂದರು.

"ಇದನ್ನ ಓದಿ. ಕೆಳಗೆ ನನ್ನ ಸಹಿ ಇದೆ, ವಿಳಾಸ ಇದೆ. ಇನ್ಮೇಲೆ ಕೇಳೋದೇನಿದ್ರೂ ನನ್ನ ಕೇಳಿ. ಮನೇಲಿರೋ ಹೆಣ್ಣುಮಗೂನ ಕೇಳೋದು ನಿಲ್ಸಿ. ಇದೇ ಕಾಗದದ ಪ್ರತಿ ಠಾಣೇಲೂ ಇದೆ, ತಾಲೂಕು ಆಫೀಸಲ್ಲೂ ಇದೆ. ಆ ಮಗೂಗೆ ಏನಾದ್ರೂ ಆದ್ರೆ ಅದನ್ನೂ ನಾನೇ ಟೈಪ್ ಮಾಡ್ತೀನಿ."

ದನಿ ಏರಿಸಲಿಲ್ಲ. ಆದರೆ ಸುತ್ತ ಹರಾಜು ಕೂಗುತ್ತಿದ್ದವರು ಸುಮ್ಮನಾಗಿದ್ದರು, ಆದ್ದರಿಂದ ಎಲ್ಲರಿಗೂ ಕೇಳಿಸಿತು. ಯಜಮಾನರು ಕಾಗದ ಹಿಡಿದು ಬಹಳ ಹೊತ್ತು ಓದಿದರು. ಮೇಡಂ ಛತ್ರಿ ಬಿಚ್ಚಿಕೊಂಡು ಹೊರಟರು. ಅವತ್ತು ಮಧ್ಯಾಹ್ನದ ಬ್ಯಾಚನ್ನು ಅವರು ತೆಗೆದುಕೊಳ್ಳಲಿಲ್ಲ. ಊರಲ್ಲಿದ್ದೂ ಬ್ಯಾಚನ್ನು ಪೂರ್ತಿ ಬಿಟ್ಟದ್ದು ನನಗೆ ತಿಳಿದ ಹಾಗೆ ಅದೊಂದೇ ಸಲ.

ವಾರದೊಳಗೆ ಕಿರಿಯ ಸೊಸೆಯ ಅಣ್ಣ ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಅವಳನ್ನು ಕರೆದುಕೊಂಡು ಹೋದ. ಯಾರೂ ತಡೆಯಲಿಲ್ಲವಂತೆ.

ಮೇಡಂಗೆ ಆಗಬೇಕಾದದ್ದೆಲ್ಲ ಆಯಿತು. ಬೋರ್ಡಿಗೆ ಟಾರು ಬಳಿದರು. ಹುಡುಗಿಯರ ಅಪ್ಪಂದಿರು ಒಬ್ಬೊಬ್ಬರಾಗಿ ಬಂದು, ಮದುವೆ ಮಾಡಬೇಕು ಮೇಡಂ, ತಪ್ಪು ತಿಳೀಬೇಡಿ ಅಂತ ಹೇಳಿ ಬಿಡಿಸಿಕೊಂಡು ಹೋದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಬಾಗಿಲು ಮುರಿದಿತ್ತು. ಕನ್ನಡ ಮಿಷನ್ನು ಒಂದು ಮೆಟ್ಟಿಲ ಕೆಳಗೆ ಬಿದ್ದಿತ್ತು. ಸೈಕಲ್ ಅಂಗಡಿಯವರೂ ನಾನೂ ಸೇರಿ ಅದನ್ನು ಮೇಲೆ ಹೊತ್ತು ತಂದೆವು. ಕಟ್ಟಡದ ಯಜಮಾನ ಖಾಲಿ ಮಾಡಿ ಅಂದ. ಹೇಗೂ ಕಂಪ್ಯೂಟರ್ ಸೆಂಟರುಗಳು ತೆರೆಯುತ್ತಿದ್ದ ಕಾಲ. ಉಳಿದ ಮಿಷನ್ನುಗಳನ್ನು ಅವರು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸಾಹೇಬರ ಅಂಗಡಿಯ ಹಿಂದಿನ ರೂಮಿಗೆ ಸಾಗಿಸಿದರು. ಮುಂದೆ ಹೊಲಿಗೆ ಮಿಷನ್ನಿನ ಸದ್ದು, ಹಿಂದೆ ಟೈಪಿನ ಸದ್ದು. ಸಾಹೇಬರು ಬಾಡಿಗೆಯ ಮಾತೇ ಎತ್ತಲಿಲ್ಲ. ಮೇಡಂ ಅವರ ಮಗಳಿಗೆ ಸೀನಿಯರ್ ಗ್ರೇಡ್ ಪಾಸು ಮಾಡಿಸಿದರು.

ಕೇಸು ತುಮಕೂರಿನಲ್ಲಿ ನಡೆಯಿತು. ಮೇಡಂ ಸಾಕ್ಷಿ ಹೇಳಿದ ಎರಡೂ ದಿನ ನಾನು ರಜೆ ಹಾಕಿ ಹೋಗಿದ್ದೆ. ಎದುರು ವಕೀಲರು ಚೀಟಿಯ ಮೂಲ ಎಲ್ಲಿ ಅಂತ ಕೇಳಿದರು.

"ಸುಟ್ಟೆ."

"ಯಾಕೆ ಸುಟ್ಟಿರಿ?"

"ಸುಡ್ತೀವಿ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಅದನ್ನ ನಂಬಿ ಹಾಕಿದ್ರು."

"ಸಂಸಾರ ಮಾಡದ ನಿಮಗೆ ಸಂಸಾರಸ್ಥರ ಮನೆಯ ವಿಷಯ ಹೇಗೆ ತಿಳಿಯುತ್ತದೆ?"

"ಟೈಪಿಂಗಿಗೆ ಬರೋಳ ಕೈ ನೋಡದೆ ಇನ್ನೇನು ನೋಡ್ಲಿ ಸ್ವಾಮಿ?"

ಗಂಡನಿಗೆ ಶಿಕ್ಷೆಯಾಯಿತು. ಅತ್ತೆಯನ್ನು ಬಿಟ್ಟರು. ಮೇಡಂ ಆ ತೀರ್ಪಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನನ್ನೂ ಆಡಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, "ಅವಳ ಎಡಗೈ ಬೆರಳು ಬಲಗೈಗಿಂತ ಚುರುಕಾಗಿತ್ತು. ಹಂಗಿರೋರು ಅಪರೂಪ," ಅಂದರು.

ಆ ಇನ್‌ಸ್ಪೆಕ್ಟರಿಗೆ ವರ್ಗವಾದ ಮೇಲೆ ಪೆಟ್ಟಿಗೆಗಳು ತಾವಾಗಿಯೇ ನಿಂತವು. ನನಗೂ ಬೇರೆ ಊರಿಗೆ ವರ್ಗವಾಯಿತು, ಮದುವೆಯಾಯಿತು. ವರ್ಷಕ್ಕೆ ಒಂದೆರಡು ಸಲ ಕ್ರಾಸಿನಲ್ಲಿ ಇಳಿದು ಮಾತಾಡಿಸಿಕೊಂಡು ಬರುತ್ತಿದ್ದೆ. ನನ್ನ ಪೆನ್ಸಿಲಿನ ಮಾತನ್ನು ಅವರು ಮತ್ತೆ ಒಂದು ಸಲವೂ ತೆಗೆಯಲಿಲ್ಲ. ಸಾಹೇಬರಿಗೂ ಹೇಳಿರಲಿಲ್ಲ. ಮೇಡಂ ಅವರ ಕೊನೆಯ ವರ್ಷಗಳಲ್ಲಿ ನಾನೇ ಒಮ್ಮೆ ಸಾಹೇಬರಿಗೆ ಹೇಳಿದಾಗ, ಅವರು ಕತ್ತರಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಇಷ್ಟು ವರ್ಷ ಅದು ಅವರಿಗೆ ಗೊತ್ತೇ ಇರಲಿಲ್ಲ.

ಮೇಡಂ ತಿಥಿಯನ್ನು ಅಮ್ಮಸಂದ್ರದಲ್ಲಿ ಅವರ ತಮ್ಮನ ಮನೆಯಲ್ಲಿ ಮಾಡಿದರು. ನಾನೂ ಹೆಂಡತಿಯೂ ಹೋಗಿದ್ದೆವು. ಹೆಚ್ಚು ಜನ ಇರಲಾರರು ಅಂದುಕೊಂಡಿದ್ದೆ. ಎರಡು ಪಂಕ್ತಿ ಸಾಲದೆ ಮೂರನೆಯದೂ ಹಾಕಬೇಕಾಯಿತು. ಬಂದವರಲ್ಲಿ ಹೆಂಗಸರೇ ಜಾಸ್ತಿ, ಆಫೀಸು ಕೆಲಸದವರ ಹಾಗೆ ಕಾಣುತ್ತಿದ್ದರು. ಕೊನೆಯ ಪಂಕ್ತಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬಾಕೆ ಒಂಟಿಯಾಗಿ ಕೂತು ಊಟ ಮಾಡಿದಳು. ಯಾರ ಜೊತೆಗೂ ಮಾತಾಡಲಿಲ್ಲ. ಊಟವಾದ ಮೇಲೆ ಫೋಟೋದ ಮುಂದೆ ನಿಂತು, ಕೈ ಮುಗಿಯದೆ ಸುಮ್ಮನೆ ನೋಡಿದಳು. ಆಮೇಲೆ ಬಡಿಸುತ್ತಿದ್ದವರಿಂದ ಬಕೆಟ್ಟು ತೆಗೆದುಕೊಂಡು ಇನ್ನೂ ಊಟ ಮಾಡುತ್ತಿದ್ದವರಿಗೆ ಮಜ್ಜಿಗೆ ಬಡಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ದಾರಿ ಹಿಡಿದಳು.

ಮೇಡಂ ಅವರ ತಮ್ಮ ನನ್ನ ಪಕ್ಕಕ್ಕೆ ಬಂದು, "ಯಾರು ಸಾರ್ ಅವರು? ಅಕ್ಕನಿಗೆ ಹೆಂಗೆ ಪರಿಚಯ?" ಅಂತ ಕೇಳಿದರು.

ಅವಳು ಯಾರಿರಬಹುದು ಅಂತ ಒಂದು ಊಹೆ ನನಗಿತ್ತು. ಸರಿಯೋ ತಪ್ಪೋ ತಿಳಿಯದು. ಹಿಂದೆ ಓಡಿ ಹೋಗಿ ಕೇಳಿದ್ದರೆ ತಿಳಿಯುತ್ತಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ.

"ಗೊತ್ತಿಲ್ಲ," ಅಂದೆ.